ಉಂಗುರ ಮುಟ್ಟದ ಅಣ್ಣ

ಒಮ್ಮೆ ಬೆಂಕಿಗೆ ಸಿಕ್ಕಿ, ಯುದ್ಧಕಾಲದಲ್ಲಿ ಗೋದಾಮಾಗಿ, ಸಿನಿಮಾ ಬಂದ ಮೇಲೆ ವರ್ಷಗಟ್ಟಲೆ ನೊಣ ಹೊಡೆದು, ಆದರೂ ಸಾಯದೆ ಉಳಿದ ರಂಗಮಂದಿರ ಅದು. ನಗರಕ್ಕೆ ಬಂದ ಹೊಸಬರು ಮೊದಲು ಅದರ ಮೆಟ್ಟಿಲ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ವೇದಿಕೆಯ ಮುಂದಂಚಿನಲ್ಲಿ ಒಬ್ಬರು ಮುದುರಿ ಕೂರುವಷ್ಟು ಗೂಡೊಂದಿದೆ, ಅದರೊಳಗೆ ಪಿಸುಮಾತಕ್ಕ ಇದ್ದಾಳೆ ಎಂದು ಅವರಿಗೆ ಯಾರು ಹೇಳಬೇಕು?

ಮಾತು ಮರೆತ ನಟರಿಗೆ ಮೆಲ್ಲಗೆ ಸಾಲು ಎತ್ತಿಕೊಡುವುದು ಅವಳ ಕೆಲಸ. ಅವಳಿಗಿಂತ ಮುಂಚೆ ಅಲ್ಲಿ ಅವಳ ಅಮ್ಮ ಕೂರುತ್ತಿದ್ದಳು. ವೇದಿಕೆಯ ಹಿಂದಿನ ಕೋಣೆಯೇ ಮನೆ. ಮದುವೆಯ ಮಾತು ಬಂದಾಗಲೆಲ್ಲ "ಈ ನಾಟಕ ಮುಗೀಲಿ" ಎಂದು ಮುಂದೂಡಿ ಮುಂದೂಡಿ ಪಿಸುಮಾತಕ್ಕನ ತಲೆ ನರೆಯಿತು. ನಾಟಕಗಳು ಮುಗಿಯುತ್ತವೆಯೇ!

ಅವಳ ಅಣ್ಣನೇ ಅಲ್ಲಿನ ರಾಜಪಾರ್ಟು. ಮಾತಿನ ನಡುವೆ ಸುಮ್ಮನೆ ನಿಂತು ಜನರನ್ನು ತುದಿಗಾಲಲ್ಲಿ ನಿಲ್ಲಿಸುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಅದಕ್ಕೇ ಇಬ್ಬರ ನಡುವೆ ಒಂದು ಕಟ್ಟುಪಾಡು: ಸಾಲು ಬೇಕಾದರೆ ಅವನು ಉಂಗುರ ಮುಟ್ಟಬೇಕು, ಮುಟ್ಟದಿದ್ದರೆ ಅವಳು ತುಟಿ ಪಿಟಕ್ಕೆನ್ನಬಾರದು. ಈಚೆಗೆ ಅವನ ಕೈ ಉಂಗುರ ಬಿಟ್ಟು ಕದಲುತ್ತಿರಲಿಲ್ಲ. ಬಚ್ಚಲು ಯಾವ ಕಡೆ ಎಂಬುದನ್ನೂ ಅವಳೇ ಹೇಳಿಕೊಡಬೇಕಿತ್ತು.

ಒಂದು ಸಂಜೆ ನಾಟಕಕ್ಕೆ ಮುಂಚೆ ರಂಗಮಂದಿರದ ಯಜಮಾನ ಮುಖಕ್ಕೆ ಹೊಡೆದ ಹಾಗೆ ಹೇಳಿದ: "ನೋಡಕ್ಕಾ, ಕೊಳ್ಳೋರು ಬಾಗಿಲಲ್ಲೇ ನಿಂತಿದ್ದಾರೆ. ಇವತ್ತು ನಿಮ್ಮಣ್ಣ ಎಡವಿದ್ರೆ ನಾಳೆ ಬೀಗ. ಆಮೇಲೆ ನನ್ನ ಬೈಬೇಡಿ."

"ಎಡವೋದಿಲ್ಲ ಬಿಡಿ, ನಾನಿದ್ದೀನಲ್ಲ," ಎಂದಳು.

ಕೊನೆಯ ಅಂಕದಲ್ಲಿ ಅಣ್ಣ ಮಾತು ನಿಲ್ಲಿಸಿದ. ಉಂಗುರ ಮುಟ್ಟಲಿಲ್ಲ. ಜನ ಉಸಿರು ಬಿಗಿಹಿಡಿದರು. ಅಬ್ಬಾ, ಹಳೆಯ ಅಣ್ಣ ವಾಪಸು ಬಂದನಲ್ಲ ಎಂದು ಅವಳ ಕಣ್ಣು ತುಂಬಿತು. ಕಾದಳು. ಯಾರೋ ಕೆಮ್ಮಿದರು, ಕುರ್ಚಿಗಳು ಕಿರುಗುಟ್ಟಿದವು. ಆಗ ಅವನ ಕಣ್ಣು ನೋಡಿದಳು. ಮರೆತಾಗ ಉಂಗುರ ಮುಟ್ಟಬೇಕೆಂಬುದನ್ನೇ ಅವನು ಮರೆತಿದ್ದ.

ಪಿಸುಗುಟ್ಟಿದಳು. ಅವನು ಅಲುಗಲಿಲ್ಲ. ಕೂಗಿದಳು. ಜನ್ಮದಲ್ಲಿ ಮೊದಲ ಸಲ ಅವಳ ದನಿ ಹಿಂದಿನ ಸಾಲಿನವರೆಗೂ ಕೇಳಿಸಿತು, ಮುಂದಿನ ಸಾಲಿನಲ್ಲಿದ್ದ ಯಜಮಾನ ತಲೆ ತಗ್ಗಿಸಿ ಎದ್ದು ಹೊರಟ.

ಅಣ್ಣ ಮಂಡಿಯೂರಿ ಗೂಡಿನೊಳಗೆ ಇಣುಕಿದ. ಅವನ ಮುಖ ಅರಳಿತು.

"ಅಮ್ಮಾ, ನೀನಾ? ಮುಂದೇನು ಹೇಳ್ಲಮ್ಮಾ?"

ಬೀಗ ಬೀಳುವುದು ಖಾತ್ರಿಯಾಗಿತ್ತು. ಇನ್ನು ಯಾರಿಗಾಗಿ ದನಿ ತಗ್ಗಿಸಬೇಕು?

"ಹೂಂ ಮಗಾ, ನಾನೇ," ಎಂದಳು ತಂಗಿ. ಮುಂದಿನ ಸಾಲು ಎತ್ತಿಕೊಟ್ಟಳು.