ಮಾವ್ಶಿಯ ಜಗಲಿಯ ಪ್ರಾರ್ಥನಾಕೂಟ

ಕಳೆದ ವಾರ ಮಣಿಪಾಲಕ್ಕೆ ಹೋಗುವ ಬಸ್ಸಿನಲ್ಲಿ, ಕಟಪಾಡಿಯಲ್ಲಿ ಹತ್ತಿದ ಹೆಂಗಸೊಬ್ಬರು ನನ್ನ ಪಕ್ಕ ಕೂತರು. ಮಡಿಲಲ್ಲಿ ಬಾಳೆಎಲೆಯಲ್ಲಿ ಸುತ್ತಿದ ಒಂದು ಕಟ್ಟು. ಬಿಚ್ಚಿ ನೋಡಬೇಕಾಗಿರಲಿಲ್ಲ. ಬಾಳೆನಾರಿನಲ್ಲಿ ಒತ್ತೊತ್ತಾಗಿ ಕಟ್ಟಿದ ಶಂಕರಪುರ ಮಲ್ಲಿಗೆ. ಹಸಿ ಎಲೆಯ ವಾಸನೆಯೊಂದಿಗೆ ಬೆರೆತ ಆ ಪರಿಮಳ ಮೂಗಿಗೆ ಬಡಿದದ್ದೇ ತಡ, ನಾನು ಬಸ್ಸಿನಲ್ಲಿರಲಿಲ್ಲ. ಶಂಕರಪುರದ ಒಂದು ಜಗಲಿಯಲ್ಲಿ, ಕೆಂಪು ಗಾರೆಯ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದೆ...

ಆ ಜಗಲಿ ನಮ್ಮ ನೆರೆಮನೆಯದು. ಆ ಮನೆಯಾಕೆಯನ್ನು ಚಿಕ್ಕವರು ದೊಡ್ಡವರು ಎನ್ನದೆ ಎಲ್ಲರೂ ಮಾವ್ಶಿ ಎಂದೇ ಕರೆಯುತ್ತಿದ್ದೆವು. ನಮ್ಮ ಕೊಂಕಣಿಯಲ್ಲಿ ಮಾವ್ಶಿ ಅಂದರೆ ಚಿಕ್ಕಮ್ಮ. ಗಂಡ ಮುಂಬಯಿಯ ಹೋಟೆಲೊಂದರಲ್ಲಿ ಕೆಲಸಕ್ಕಿದ್ದರು, ಮೇ ತಿಂಗಳಲ್ಲಿ ಬಂದು ಹೋಗುತ್ತಿದ್ದರು. ಮನೆಯ ಹಿಂದೆ ಮಲ್ಲಿಗೆಯ ಗಿಡಗಳು. ಬೆಳಕು ಹರಿಯುವ ಮೊದಲೇ ಮೊಗ್ಗು ಕೊಯ್ದು, ಕಟ್ಟಿ, ಹೊತ್ತು ಏರುವುದರೊಳಗೆ ಹೂ ಕೊಳ್ಳುವವರ ಕಟ್ಟೆಗೆ ಮುಟ್ಟಿಸುವುದು ಮಾವ್ಶಿಯ ದಿನಚರಿ. ಅವರಿಗಿದ್ದದ್ದು ಒಬ್ಬಳೇ ಮಗಳು. ತೊಟ್ಟಿಲಲ್ಲಿದ್ದಾಗ ಬಂದ ಜ್ವರದಲ್ಲಿ ಆ ಮಗುವಿನ ಕಿವಿ ಹೋಗಿತ್ತು. ಮಾತೂ ಬರಲಿಲ್ಲ.

ಮಗಳ ಕಿವಿಗಾಗಿ ಮಾವ್ಶಿ ಹೋಗದ ಜಾಗವಿರಲಿಲ್ಲ. ಆಸ್ಪತ್ರೆಗಳು, ಹರಕೆಗಳು, ಕಾರ್ಕಳದ ಕಡೆಯ ಒಬ್ಬ ಪಂಡಿತರ ಎಣ್ಣೆ. ಕೊನೆಗೆ ಯಾರೋ ಹೇಳಿದರೆಂದು ಕೇರಳದ ಒಂದು ಕ್ರೈಸ್ತ ಧ್ಯಾನಕೇಂದ್ರಕ್ಕೆ ಮಗಳನ್ನು ಕರೆದುಕೊಂಡು ಹೋದರು. ಕರಿಸ್ಮಾಟಿಕ್ ಪ್ರಾರ್ಥನೆ ಎಂಬ ಮಾತನ್ನು ನಮ್ಮಲ್ಲಿ ಹೆಚ್ಚಿನವರು ಮೊದಲು ಕೇಳಿದ್ದು ಅವರು ತಿರುಗಿ ಬಂದ ಮೇಲೆ. ಮಗಳು ಹೋದ ಹಾಗೆಯೇ ಬಂದಿದ್ದಳು. ಬೇರೆಯಾಗಿದ್ದವರು ಮಾವ್ಶಿ. "ಇವಳಿಗೆ ಕೇಳಲಿಲ್ಲ, ನನಗೆ ಕೇಳಿತು ಮಾರಾಯ್ತಿ" ಎಂದು ನನ್ನ ಅಮ್ಮನ ಹತ್ತಿರ ಹೇಳಿ ನಕ್ಕಿದ್ದರು. ಏನು ಕೇಳಿತು ಎಂದು ಅಮ್ಮ ಕೇಳಲಿಲ್ಲ.

ನನ್ನ ಅಪ್ಪ ತೀರಿಕೊಂಡದ್ದು ಆ ವರ್ಷವೇ. ನಾನು ಬಿ.ಎಡ್. ಮುಗಿಸಿ ಕಾಪುವಿನ ಶಾಲೆಯೊಂದಕ್ಕೆ ಹೊಸದಾಗಿ ಸೇರಿದ್ದೆ. ಅಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದವಳು ಏಳುತ್ತಿರಲಿಲ್ಲ. ಮಾವ್ಶಿ ದಿನವೂ ಮಧ್ಯಾಹ್ನ ಬಂದು ಅವಳ ತಲೆಗೆ ಎಣ್ಣೆ ಹಚ್ಚಿ ಬಾಚಿ, ಏನೂ ಉಪದೇಶ ಮಾಡದೆ ಹೋಗುತ್ತಿದ್ದರು. ಒಂದು ಶುಕ್ರವಾರ ಕೈಹಿಡಿದು ಎಬ್ಬಿಸಿ ತಮ್ಮ ಜಗಲಿಗೆ ಕರೆದುಕೊಂಡು ಹೋದರು. ಜೊತೆಗೆ ನಾನೂ ಹೋದೆ.

ಏಳೆಂಟು ಹೆಂಗಸರು, ಒಂದು ಬೈಬಲ್, ಒಂದು ಗಂಜಿರ. ಇಗರ್ಜಿಯಲ್ಲಿ, ಅಂದರೆ ನಮ್ಮ ಚರ್ಚಿನಲ್ಲಿ, ನಾವು ಕಲಿತದ್ದು ತಲೆತಗ್ಗಿಸಿ ಮೆಲುದನಿಯಲ್ಲಿ ಜಪ ಮಾಡುವುದು. ಇಲ್ಲಿ ಮಾವ್ಶಿ ಎರಡೂ ಕೈ ಮೇಲೆತ್ತಿ ಗಟ್ಟಿಯಾಗಿ ದೇವರ ಹತ್ತಿರ ಮಾತಾಡುತ್ತಿದ್ದರು, ಪಕ್ಕದ ಮನೆಯವರನ್ನು ಬೇಲಿಯಾಚೆಯಿಂದ ಕರೆದ ಹಾಗೆ. ನಮಗೆಲ್ಲ ನಾಚಿಕೆ. "ಎಂತ, ಹೂ ಕಟ್ಟುವ ಕೈಗೆ ಚಪ್ಪಾಳೆ ತಟ್ಟಲಿಕ್ಕೆ ಕಷ್ಟ ಉಂಟಾ?" ಎಂದು ಕೇಳುತ್ತಿದ್ದರು. ಎದುರು ಮನೆಯ ಬಂಟರ ಅಜ್ಜಿಯೂ ಬಂದು ಮೆಟ್ಟಿಲ ಮೇಲೆ ಕೂರುತ್ತಿದ್ದರು. ಪದ ಚಂದ ಉಂಟು, ಕೇಳಲಿಕ್ಕೆ ಬಂದೆ ಎನ್ನುತ್ತಿದ್ದರು. ಅಮ್ಮ ಮೊದಲ ವಾರ ಸುಮ್ಮನೆ ಕೂತಳು. ಕೆಲವು ವಾರಗಳ ಮೇಲೆ ಒಂದು ಹಾಡಿನ ನಡುವೆ ಜೋರಾಗಿ ಅತ್ತಳು. ಆ ಸಂಜೆ ಅವಳೇ ಎದ್ದು ಅನ್ನಕ್ಕಿಟ್ಟಳು.

ಕೂಟದ ಸುದ್ದಿ ಬಸ್ಸು ಹತ್ತಿ ಹೋದ ಹಾಗೆ ಊರಿಂದೂರಿಗೆ ಹಬ್ಬಿತು. ಕಾಪು, ಪಡುಬಿದ್ರಿ, ಹೆಜಮಾಡಿ... ಅಲ್ಲಿಂದ ಜನ ಬಂದು ಕೂತು, ತಿರುಗಿ ಹೋಗಿ ತಮ್ಮ ಮನೆಗಳಲ್ಲಿ ಶುರು ಮಾಡಿದರು. ನಮ್ಮ ಹಿರಿಯ ಫಾದರ್‌ಗೆ ಮೊದಲು ಇದು ಹಿಡಿಸಲಿಲ್ಲ. "ದೇವರಿಗೆ ಕಿವಿ ಮಂದವಾ?" ಎಂದು ಭಾನುವಾರದ ಪ್ರವಚನದಲ್ಲಿಯೇ ಕೇಳಿದ್ದರು. ಆಮೇಲೆ ಒಂದು ಶುಕ್ರವಾರ ಹೇಳದೆ ಕೇಳದೆ ಬಂದು ಅಜ್ಜಿಯ ಪಕ್ಕ ಮೆಟ್ಟಿಲಲ್ಲಿ ಕೂತು, ಕೊನೆಗೆ ಆಶೀರ್ವಾದ ಕೊಟ್ಟು ಹೋದರು. ಒಂದೆರಡು ವರ್ಷಗಳಲ್ಲಿ ಎಲ್ಲ ಕೂಟಗಳನ್ನೂ ಸೇರಿಸಿ ಉಡುಪಿಯಲ್ಲಿ ತಿಂಗಳಿಗೊಂದು ಸಭೆ ನಡೆಯತೊಡಗಿತು. ನಿವೃತ್ತ ಅಧಿಕಾರಿಯೊಬ್ಬರು ಸಂಚಾಲಕರಾದರು. ಗಿಟಾರ್ ಬಂತು, ಕೀಬೋರ್ಡ್ ಬಂತು, ನಾನು ಹಾಡುವವರ ಸಾಲಿಗೆ ಸೇರಿದೆ.

ರೋಗಿಗಳಿಗಾಗಿ ಪ್ರಾರ್ಥಿಸುವಾಗ ಮಾತ್ರ ಎಲ್ಲರಿಗೂ ಮಾವ್ಶಿಯೇ ಬೇಕು. ಅವರು ತಲೆಯ ಮೇಲೆ ಕೈಯಿಟ್ಟರೆ ಮನಸ್ಸು ಹಗುರವಾಗುತ್ತಿದ್ದದ್ದು ನಿಜ. ಆದರೆ ಹಿಂದಿನಿಂದ ಒಂದು ಮಾತು ಹರಿದಾಡುತ್ತಲೇ ಇತ್ತು. ಊರವರಿಗೆಲ್ಲ ಪ್ರಾರ್ಥನೆ ಮಾಡ್ತಾರೆ, ಸ್ವಂತ ಮಗಳಿಗೆ ಯಾಕೆ ಆಗಲಿಲ್ಲ? ಮಾವ್ಶಿಗೆ ಅದು ಗೊತ್ತಿತ್ತು. ಕೇಳಿಸದವರ ಹಾಗೆ ಇದ್ದರು.

ಕಾರ್ಕಳದಲ್ಲಿ ದೊಡ್ಡ ಸಮಾವೇಶವಾದಾಗ ಮಗಳಿಗೆ ಹದಿನಾರೋ ಹದಿನೇಳೋ. ಮೈದಾನದ ತುಂಬ ಶಾಮಿಯಾನ, ಹೊರಗಿನಿಂದ ಕರೆಸಿದ ಹೆಸರುವಾಸಿ ಪ್ರವಚನಕಾರ ಫಾದರ್. ಕೊನೆಯ ದಿನ ಮಧ್ಯಾಹ್ನ ರೋಗಿಗಳ ಪ್ರಾರ್ಥನೆಯ ನಡುವೆ ಅವರು ಕಣ್ಣುಮುಚ್ಚಿ, ಇಲ್ಲಿ ಒಬ್ಬರ ಕಿವಿಗಳು ತೆರೆಯುತ್ತಿವೆ ಎಂದರು. ನಮ್ಮವರೇ ಯಾರೋ ಸಂಭ್ರಮದಲ್ಲಿ ಆ ಹುಡುಗಿಯನ್ನು ಕೈಹಿಡಿದು ವೇದಿಕೆಗೆ ಹತ್ತಿಸಿಬಿಟ್ಟರು. ಮಾವ್ಶಿ ಆಗ ಶಾಮಿಯಾನದ ಆ ತುದಿಯಲ್ಲಿ ಹಾಸಿಗೆ ಹಿಡಿದ ಒಬ್ಬರ ಹತ್ತಿರ ಕೂತಿದ್ದರು.

ಫಾದರ್ ಅವಳ ಬೆನ್ನ ಹಿಂದೆ ನಿಂತು ಜೋರಾಗಿ ಚಪ್ಪಾಳೆ ತಟ್ಟಿ, ಕಾಲನ್ನೂ ವೇದಿಕೆಯ ಹಲಗೆಗೆ ಕುಟ್ಟಿದರು. ಹುಡುಗಿ ತಟ್ಟನೆ ತಿರುಗಿದಳು. ಮೈದಾನವೇ ಎದ್ದು ನಿಂತಿತು. ಅಲ್ಲೆಲೂಯಾ ಎಂಬ ಕೂಗು, ಅಳು, ಮೇಲೆದ್ದ ಕೈಗಳು... ಅಷ್ಟು ಜನ ತನ್ನನ್ನೇ ನೋಡಿ ನಗುತ್ತಿರುವುದನ್ನು ಕಂಡು ಅವಳೂ ಮುಖ ತುಂಬ ನಕ್ಕಳು. ಅವಳು ಅಷ್ಟು ಚಂದ ನಕ್ಕದ್ದನ್ನು ನಾನು ಅದಕ್ಕಿಂತ ಮೊದಲು ನೋಡಿರಲಿಲ್ಲ.

ಮಾವ್ಶಿ ಜನರನ್ನು ಸರಿಸಿಕೊಂಡು ವೇದಿಕೆಗೆ ಬಂದರು. ಮಗಳು ವಾಸಿಯಾದದ್ದಕ್ಕೆ ಸಾಕ್ಷಿ ಹೇಳಲು ಬಂದರೆಂದು ಮೈಕ್ ಕೊಟ್ಟರು. ಅವರು ಮಗಳ ಹಿಂದೆ ನಿಂತು ಅವಳ ಹೆಸರು ಹಿಡಿದು ಕರೆದರು. ಮೆಲ್ಲಗೆ ಒಮ್ಮೆ, ಗಟ್ಟಿಯಾಗಿ ಒಮ್ಮೆ. ಅವಳು ಜನರನ್ನು ನೋಡುತ್ತ ನಗುತ್ತಲೇ ಇದ್ದಳು.

"ಕ್ಷಮಿಸಿ ಫಾದರ್" ಎಂದರು ಮಾವ್ಶಿ. "ಇವಳಿಗೆ ಕೇಳುವುದಿಲ್ಲ. ಹಲಗೆ ಅದುರಿದ್ದು ಕಾಲಿಗೆ ಗೊತ್ತಾಯಿತು, ಅದಕ್ಕೆ ತಿರುಗಿದಳು. ಇಲ್ಲದ್ದನ್ನು ಉಂಟು ಅಂತ ದೇವರ ಹೆಸರಲ್ಲಿ ಹೇಳುವುದು ಬೇಡ."

ಫಾದರ್ ತಲೆಬಾಗಿ ನಿಂತರು. ಸಂಚಾಲಕರು ನಮ್ಮ ಕಡೆ ಕೈಬೀಸಿ ಹಾಡಲು ಸನ್ನೆ ಮಾಡಿದರು. ನಾವು ಹಾಡಿದೆವು.

ಮನೆಗೆ ಬರುವ ವ್ಯಾನಿನಲ್ಲಿ ಮಗಳು ಕಿಟಕಿಯ ಕಡೆ ತಿರುಗಿ ಕೂತಿದ್ದಳು. ಏನಾಯಿತೆಂದು ಅವಳಿಗೆ ಪೂರ್ತಿ ಅರ್ಥವಾಗಿರಲಿಲ್ಲ. ಎಲ್ಲರ ಮುಖದ ಮೇಲಿದ್ದ ಖುಷಿಯನ್ನು ತನ್ನ ಅಮ್ಮ ಬಂದು ಆರಿಸಿದಳು ಎಂಬುದಷ್ಟೇ ತಿಳಿದಿತ್ತು. ತುಂಬ ದಿನ ತಾಯಿಯ ಮುಖ ನೋಡಲಿಲ್ಲ.

ಸಂಚಾಲಕರು ಜಗಲಿಗೇ ಬಂದು ಮಾತಾಡಿದರು. "ನೀವು ಸ್ವಲ್ಪ ತಾಳಬಹುದಿತ್ತು. ವಾಸಿ ನಿಧಾನಕ್ಕೂ ಆಗ್ತದೆ, ಅಲ್ವಾ? ಎಷ್ಟು ಜನರ ವಿಶ್ವಾಸಕ್ಕೆ ಪೆಟ್ಟು ಬಿತ್ತು ನೋಡಿ."

"ನನ್ನ ಮಗಳ ಕಿವಿಯ ಮೇಲೆ ನಿಂತ ವಿಶ್ವಾಸ ಎಷ್ಟು ದಿನ ನಿಲ್ತದೆ?" ಎಂದು ಕೇಳಿ ಮಾವ್ಶಿ ಅವರಿಗೆ ಚಹಾ ಕೊಟ್ಟರು. ಅವರು ಕುಡಿದು, ಸ್ವಲ್ಪ ಸಮಯ ವಿಶ್ರಾಂತಿ ತಕೊಳ್ಳಿ ಎಂದು ಹೇಳಿ ಹೋದರು. ಶುಕ್ರವಾರದ ಕೂಟ ಇಗರ್ಜಿಯ ಸಭಾಂಗಣಕ್ಕೆ ಹೋಯಿತು. ಮಾವ್ಶಿ ಅಲ್ಲಿಗೂ ಬರುತ್ತಿದ್ದರು, ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದರು. ಕೈ ಮೇಲೆತ್ತಿಯೇ ಹಾಡುತ್ತಿದ್ದರು. ನನಗೆ ಸಹಿಸಲಾಗದೆ, ಇವರ ಜೊತೆ ಇನ್ನೂ ಯಾಕೆ ಬರ್ತೀರಿ ಎಂದು ಕೇಳಿಬಿಟ್ಟೆ.

"ದೇವರು ಎಂತ ಮಾಡಿದ? ಅವನು ಸುಳ್ಳು ಹೇಳಲಿಲ್ಲವಲ್ಲ" ಎಂದರು. "ನನಗೆ ಬೇಜಾರು ಅದಲ್ಲ. ಇಷ್ಟು ವರ್ಷ ಅವಳಿಗೆ ಕೇಳಲಿ, ಕೇಳಲಿ ಅಂತಲೇ ಬೇಡಿಕೊಂಡೆ. ಅವಳು ಎಂತ ಹೇಳ್ತಾಳೆ ಅಂತ ನಾನು ಕೇಳಲಿಕ್ಕೇ ಹೋಗಲಿಲ್ಲ."

ಆ ಜೂನ್‌ನಲ್ಲಿ ಮಗಳನ್ನು ಕಿವುಡ ಮಕ್ಕಳಿಗೆ ಕಲಿಸುವ ಒಬ್ಬ ಸಿಸ್ಟರ್ ಹತ್ತಿರ ಕಳುಹಿಸಿದರು. ತಡವಾಗಿ ಹೋದರೂ ಹುಡುಗಿ ಕೈಭಾಷೆಯನ್ನು ಗಬಗಬನೆ ಕಲಿತಳು. ರಜೆಯಲ್ಲಿ ಬಂದಾಗ ಅಮ್ಮನಿಗೆ ಪಾಠ. ಜಗಲಿಯಲ್ಲಿ ಎದುರುಬದುರು ಕೂತು ಹೂ ಕಟ್ಟುವಾಗ ಮಾತಾಡಬೇಕೆಂದರೆ ಇಬ್ಬರೂ ಹೂ ಕೆಳಗಿಡಬೇಕು. ಮೊದಲು ಹೊತ್ತು ಏರುವುದರೊಳಗೆ ಕಟ್ಟೆಗೆ ಮುಟ್ಟುತ್ತಿದ್ದ ಮಾವ್ಶಿಯ ಮಲ್ಲಿಗೆ ಆ ರಜೆಯಲ್ಲಿ ದಿನವೂ ತಡ. ಬೈಸಿಕೊಂಡು ಬಂದು ಮತ್ತೆ ನಗುತ್ತಿದ್ದರು. ಮಗಳು ನೀರಿನ ಕಡೆಗೆ, ಬೆಕ್ಕಿನ ಕಡೆಗೆ, ನನ್ನ ಕಡೆಗೆ ತೋರಿಸಿ ಏನೇನೋ ಹೇಳುವಳು, ತಾಯಿ ನಕ್ಕು ನಕ್ಕು ನನಗೆ ದಾಟಿಸುವರು. ಅವಳು ಇಷ್ಟು ಕೀಟಲೆಯವಳೆಂದು ನಮಗೆ ಗೊತ್ತೇ ಇರಲಿಲ್ಲ!

ಕೆಲವು ವರ್ಷಗಳ ಮೇಲೆ ಬಂದ ಹೊಸ ಫಾದರ್ ಒಂದು ಭಾನುವಾರ ಮಾವ್ಶಿಯನ್ನು ಪೀಠದ ಪಕ್ಕ ನಿಲ್ಲಿಸಿದರು. ಪಡುಬಿದ್ರಿಯಿಂದ, ಕಾರ್ಕಳದಿಂದ ಕಿವಿ ಕೇಳದ ಕೆಲವು ಹುಡುಗ ಹುಡುಗಿಯರು ಬಂದು ಮುಂದಿನ ಬೆಂಚಿನಲ್ಲಿ ಕೂತಿದ್ದರು. ಪೂಜೆಯ ಮಾತನ್ನೆಲ್ಲ ಮಾವ್ಶಿ ಕೈಯಲ್ಲಿ ಹೇಳಿದರು. ಸ್ತುತಿಗೀತೆ ಬಂದಾಗ ಆ ಮಕ್ಕಳೆಲ್ಲ ಒಟ್ಟಿಗೆ ಕೈ ಎತ್ತಿದರು. ಹಿಂದೆ ನಮ್ಮ ಹಳೆಯ ಕೂಟದವರು ಕೂತಿದ್ದರು, ಅವರ ಕೈಗಳೂ ಮೇಲೆದ್ದವು. ನಾನು ಹಾಡುವುದನ್ನು ನಿಲ್ಲಿಸಿ ನೋಡುತ್ತಾ ನಿಂತೆ.

ಮಾವ್ಶಿಗೆ ಕೊನೆಗೆ ಬಂದದ್ದು ಹೊಟ್ಟೆಯ ಕ್ಯಾನ್ಸರ್. ಮಣಿಪಾಲದ ಆಸ್ಪತ್ರೆಯಲ್ಲಿ ವೈದ್ಯರು ಹೇಳಿದ್ದನ್ನು ಮಗಳಿಗೆ ತಿಳಿಸಬೇಕಾಗಿತ್ತು. ಅಲ್ಲಿದ್ದವರಲ್ಲಿ ಅವಳ ಕೈಭಾಷೆ ಬಲ್ಲವರು ರೋಗಿಯಾಗಿದ್ದ ಮಾವ್ಶಿ ಒಬ್ಬರೇ. ಡ್ರಿಪ್ ಹಾಕಿದ ಕೈಯನ್ನು ಮೆಲ್ಲಗೆ ಎತ್ತಿ ಅವರು ಹೇಳತೊಡಗಿದರು. ಸ್ವಲ್ಪ ಬದಲಾಯಿಸಿ ಹೇಳುತ್ತಾರೇನೋ ಎಂದುಕೊಂಡು ನಾನು ಹುಡುಗಿಯ ಮುಖ ನೋಡಿದೆ. ಇಲ್ಲ, ಇದ್ದದ್ದನ್ನೇ ಹೇಳಿದ್ದರು. ಅವಳು ತಾಯಿಯ ಆ ಕೈಯನ್ನು ಹಿಡಿದುಕೊಂಡಳು.

ಮಾವ್ಶಿ ಹೋಗಿ ಎಷ್ಟೋ ವರ್ಷಗಳಾದವು. ಈಗ ಪ್ರಾರ್ಥನೆಯೆಲ್ಲ ಯೂಟ್ಯೂಬಿನಲ್ಲಿ ಬರುತ್ತದೆ. ಅಮ್ಮ ಹಾಸಿಗೆಯಲ್ಲಿ ಮಲಗಿಯೇ ಮೊಬೈಲಿನಲ್ಲಿ ನೋಡುತ್ತಾಳೆ, ಚಪ್ಪಾಳೆಯ ಜಾಗದಲ್ಲಿ ಬೆರಳಾಡಿಸುತ್ತಾಳೆ. ಮಾವ್ಶಿಯ ಮಗಳು ತನ್ನಂತೆಯೇ ಕಿವಿ ಕೇಳದವನೊಬ್ಬನನ್ನು ಮದುವೆಯಾಗಿ ಉಡುಪಿಯ ಬನ್ನಂಜೆಯಲ್ಲಿದ್ದಾಳೆ, ಬಟ್ಟೆ ಹೊಲಿಯುತ್ತಾಳೆ.

ಅವತ್ತು ಬಸ್ಸಿಳಿದವಳು ನಿಲ್ದಾಣದಲ್ಲಿಯೇ ನಿಂತು ಅವಳಿಗೆ ವೀಡಿಯೋ ಕಾಲ್ ಮಾಡಿದೆ. ನನ್ನನ್ನು ಕಂಡದ್ದೇ ಅವಳ ಮುಖ ಅರಳಿತು. ಬೆರಳುಗಳು ಚಕಚಕನೆ ಓಡಿದವು. ಊಟ, ಮಳೆ, ಅಮ್ಮ ಹೇಗಿದ್ದಾರೆ... ಅಷ್ಟು ಹಿಡಿದುಕೊಂಡೆ. ಉಳಿದದ್ದು ತಿಳಿಯಲಿಲ್ಲ. ನಿನ್ನ ಅಮ್ಮ ಇವತ್ತು ತುಂಬ ನೆನಪಾದರು ಎಂದು ಹೇಳಬೇಕಾಗಿತ್ತು ನನಗೆ. ಅದಕ್ಕೆ ಕೈ ಹೇಗೆ ಮಾಡಬೇಕೆಂದು ಗೊತ್ತಿರಲಿಲ್ಲ. ಗೊತ್ತಿಲ್ಲದಾಗಲೆಲ್ಲ ನಾನು ಮಾವ್ಶಿಯ ಕಡೆ ನೋಡುತ್ತಿದ್ದೆ. ಅತ್ತ ಅವಳು ಬೆರಳಾಡಿಸುವುದನ್ನು ನಿಲ್ಲಿಸಿ, ನಾನು ಏನು ಹೇಳುತ್ತೇನೋ ಎಂದು ಕಾಯುತ್ತಿದ್ದಳು.