ಘಾಟು ಬಂದರೆ ಕೆಲಸ ಆಯಿತು

ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ‘ಫಳಫಳ’ ಎಂದೇ ಕರೆಯುತ್ತಿದ್ದರು. ಅವಳು ಕೈಯಿಟ್ಟ ಪಾಯಿಖಾನೆ ಹಾಗೆ ಹೊಳೆಯುತ್ತಿತ್ತು. ಆ ಹೆಸರಿನ ಮೇಲೆ ಅವಳಿಗೂ ಒಳಗೊಳಗೇ ಹೆಮ್ಮೆ. ಹೊಳಪಿನ ಗುಟ್ಟನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದಳು: ಮೊದಲು ಬ್ಲೀಚು, ಅದರ ಮೇಲೆಯೇ ಆಸಿಡ್ಡು. ಬುರುಬುರು ನೊರೆಯೆದ್ದು ಕಣ್ಣು ಉರಿಯಿತೆಂದರೆ ಕೊಳೆ ಸಾಯುತ್ತಿದೆ ಎಂದು ಅವಳ ಲೆಕ್ಕ. ರೋಗಿಗಳ ಕಡೆಯವರ ಕಣ್ಣಿಗೆ ಪೊರಕೆ, ಬಕೆಟ್ಟು ಬೀಳಬಾರದೆಂದು ಮ್ಯಾನೇಜರನ ಕಟ್ಟಪ್ಪಣೆ. ಹಾಗಾಗಿ ಚಿಲಕ ಹಾಕಿಕೊಂಡೇ ಉಜ್ಜಬೇಕು.

ಮ್ಯಾನೇಜರ್ ನೆಲ ನೋಡುವ ಪೈಕಿಯಲ್ಲ. ಕಾರಿಡಾರಿನ ತುದಿಯಲ್ಲಿ ನಿಂತು ಮೂಗರಳಿಸಿ ಗಾಳಿ ಎಳೆಯುತ್ತಿದ್ದ. ಘಾಟು ಬಂದರೆ ಕೆಲಸ ಆಯಿತು. ಬರದಿದ್ದರೆ ಮತ್ತೊಮ್ಮೆ ತೊಳೆಯಬೇಕು.

ವರ್ಷಗಳು ಉರುಳಿದಂತೆ ಅವಳ ಮೂಗೇ ಸತ್ತುಹೋಯಿತು. ತನಗೆ ಗೊತ್ತಾಗದ ಘಾಟು ಅವನಿಗೂ ಸಾಲದೇನೋ ಎಂದು ಇನ್ನಷ್ಟು ಸುರಿದಳು. ಒಂದು ಮಧ್ಯಾಹ್ನ ಕಮೋಡಿನಿಂದ ಹಳದಿ ಹಸಿರು ಹೊಗೆಯಂಥದ್ದು ಎದ್ದಿತು. ಎದೆಯೊಳಗೆ ಬೆಂಕಿ ಹೊಕ್ಕಂತಾಯಿತು. ಚಿಲಕಕ್ಕೆ ಕೈ ಎಟಕುವಷ್ಟರಲ್ಲಿ ಬಿದ್ದುಬಿಟ್ಟಳು. ಬಿದ್ದ ಸದ್ದಿಗೆ ಓಡಿಬಂದವರು ಬಾಗಿಲು ಒಡೆದು ಹೊರಗೆಳೆದರು.

“ಎರಡನ್ನೂ ಯಾಕಮ್ಮ ಬೆರೆಸಿದೆ?” ಆಕ್ಸಿಜನ್ ಮಾಸ್ಕು ಕಟ್ಟುತ್ತ ಡಾಕ್ಟರು ಗದರಿದರು.

ಆಮೇಲೆ ಬಿಡಿಸಿ ಹೇಳಿದರು. ಬ್ಲೀಚಿನಲ್ಲಿರುವುದು ಹೈಪೋಕ್ಲೋರೈಟ್. ಸೋಪು ಹಾಕಿ ಕೊಳೆ ತೊಳೆದ ಮೇಲೆ ಇದನ್ನು ತಣ್ಣೀರಿಗೆ ಬೆರೆಸಿ ಬಳಿದು ಸ್ವಲ್ಪ ಹೊತ್ತು ಹಾಗೇ ಬಿಟ್ಟರೆ, ರೋಗಾಣುವಿನ ಮೈಕಟ್ಟನ್ನೇ ಮುರಿದುಹಾಕುತ್ತದೆ. ಅದಕ್ಕೆ ಆಸಿಡ್ ತಾಗಿತೋ, ಕ್ಲೋರಿನ್ ಅನಿಲ ಏಳುತ್ತದೆ. ಅದು ಶ್ವಾಸಕೋಶದ ತೇವಕ್ಕೆ ಸೇರಿ ಅಲ್ಲೇ ಮತ್ತೆ ಆಸಿಡ್ಡಾಗಿ ಸುಡುತ್ತದೆ. ಕಣ್ಣುರಿದದ್ದು ಕೊಳೆ ಸತ್ತದ್ದಕ್ಕಲ್ಲ.

ಬಾಟಲಿಯ ಮೇಲೆ ಇದೆಲ್ಲ ಬರೆದಿರುತ್ತದಲ್ಲ ಎನ್ನುವ ಬುದ್ಧಿವಂತರಿದ್ದಾರೆ. ಯಾವ ಬಾಟಲಿ, ಸ್ವಾಮಿ? ಅವಳ ಕೈಗೆ ಬರುತ್ತಿದ್ದದ್ದು ದೊಡ್ಡ ಕ್ಯಾನಿನಿಂದ ಬಗ್ಗಿಸಿಕೊಟ್ಟ, ಚೀಟಿಯಿಲ್ಲದ ಹಳೇ ನೀರಿನ ಬಾಟಲಿ. ಅದೇ ಪಾಯಿಖಾನೆಗೆ ಹೋಗಿ ಕಣ್ಣೊರೆಸಿಕೊಂಡು ಬರುತ್ತಿದ್ದ ಡಾಕ್ಟರಿಗೂ, ಈ ಘಾಟು ಎಲ್ಲಿಂದ ಎಂದು ಅಷ್ಟು ವರ್ಷ ಕೇಳಬೇಕೆನಿಸಿರಲಿಲ್ಲ.

ಅಲ್ಲಿಂದ ಮುಂದೆ ಮನೆಯ ಮೆಟ್ಟಿಲು ಹತ್ತಿದರೂ ಅವಳಿಗೆ ಏದುಸಿರು. ದುಡಿಯುವವರು ಬೇರೆ ಯಾರೂ ಇಲ್ಲದ್ದರಿಂದ ಅವಳ ಜಾಗಕ್ಕೆ ತಂಗಿ ಹೊರಟಳು.

“ಬೆರೆಸಬೇಡ ಕಣೇ. ಬಾಗಿಲು ತೆಗೆದಿಟ್ಕೊ. ನನ್ನಾಣೆ.”

“ಆಯ್ತು ಬಿಡಕ್ಕ, ನಿನ್ನಷ್ಟು ಹುಚ್ಚು ನನಗಿಲ್ಲ. ಹೊಳೀದಿದ್ರೆ ನನ್ನ ‘ಮಂಕು’ ಅಂತ ಕರೀಲಿ, ಏನೀಗ?”

ತಂಗಿ ಹೇಳಿದಂತೆಯೇ ಮಾಡಿದಳು. ಸೋಪು, ನೀರು, ಆಮೇಲೆ ತೆಳು ಮಾಡಿದ ಬ್ಲೀಚು. ಬಾಗಿಲು ತೆರೆದೇ ಇತ್ತು. ಪಾಯಿಖಾನೆ ನಿಜಕ್ಕೂ ಶುದ್ಧವಾಗಿತ್ತು. ಮ್ಯಾನೇಜರ್ ಕಾರಿಡಾರಿನಲ್ಲಿ ನಿಂತು ಮೂಗೆಳೆದ.

“ಏನಮ್ಮ, ಬರೀ ನೀರು ಚೆಲ್ಲಿ ಬಂದ್ಯಾ?”

“ಇಲ್ಲ ಸಾರ್, ಡಾಕ್ಟರು ಹೇಳಿದ ಹಾಗೇ ತೊಳೆದಿದೀನಿ. ಬೆರೆಸಿದ್ರೆ ವಿಷ ಆಗತ್ತಂತೆ.”

“ನಿನ್ನನ್ನ ಕೆಲಸಕ್ಕಿಟ್ಟಿರೋದು ಡಾಕ್ಟರಾ, ನಾನಾ? ನಿಮ್ಮಕ್ಕ ತೊಳೆದರೆ ಗೇಟಿನ ತನಕ ಗೊತ್ತಾಗೋದು. ಅವಳ ಹಾಗೆ ಮಾಡೋದಾದ್ರೆ ನಾಳೆ ಬಾ.”

ಮನೆಗೆ ಬಂದು ತಂಗಿ ನಡೆದದ್ದನ್ನೆಲ್ಲ ಅಕ್ಕನಿಗೆ ಹೇಳಿದಳು. ಆಮೇಲೆ ಮೆಲ್ಲಗೆ ಕೇಳಿದಳು: “ಅಕ್ಕ, ಬ್ಲೀಚು ಮೊದಲಾ, ಆಸಿಡ್ ಮೊದಲಾ?”

“ಬೇಡ ಕಣೇ. ಬೇರೆ ಕಡೆ ಕೆಲಸ ನೋಡು.”

“ನೋಡೋ ತನಕ? ನೀನು ಬಾಯಿಗಿಟ್ಟು ಎಳೀತೀಯಲ್ಲ, ಆ ಪಂಪು ಖಾಲಿಯಾಗ್ತಾ ಬಂತು. ಅದಿಲ್ದೆ ರಾತ್ರಿ ಹೇಗೆ ಮಲಗ್ತೀಯ?”

ಅಕ್ಕ ಗೋಡೆಯ ಕಡೆ ಮುಖ ತಿರುಗಿಸಿದಳು. ಯಾವುದು ಮೊದಲೆಂದು ಹೇಳಲಿಲ್ಲ. ಹೇಳದಿದ್ದರೂ ಎರಡು ಬಾಟಲಿ ಬಗ್ಗಿಸಲು ಯಾವ ವಿದ್ಯೆ ಬೇಕು?

ಮರುದಿನ ಸಂಜೆ ತಂಗಿ ಕೆಂಡದಂಥ ಕಣ್ಣು ಹೊತ್ತು ಬಂದಳು. ಆಸ್ಪತ್ರೆಯ ಔಷಧಿ ಅಂಗಡಿಯ ಹೊಸ ಪಂಪನ್ನು ಅಕ್ಕನ ಮಡಿಲಿಗೆ ಹಾಕಿದಳು.

“ಮ್ಯಾನೇಜರ್ರೇ ಕೊಡಿಸಿದ್ರು. ಇವತ್ತು ತುಂಬಾ ಖುಷಿಯಾಗಿದ್ರು.”

“ಬಾಗಿಲಾದ್ರೂ ತೆಗೆದಿದ್ಯಾ?”

“ತೆಗೆದ್ರೆ ಘಾಟು ಹೋಗಿಬಿಡತ್ತಲ್ಲಕ್ಕ…” ಮಾತು ಮುಗಿಯುವ ಮೊದಲೇ ತಂಗಿಗೆ ಕೆಮ್ಮು ಒತ್ತರಿಸಿ ಬಂತು. ನಿಲ್ಲಲೇ ಇಲ್ಲ.

ಅಕ್ಕ ಪಂಪಿನ ಮುಚ್ಚಳ ತೆಗೆದಳು. ತಾನು ಎಳೆದುಕೊಳ್ಳಬೇಕೋ, ತಂಗಿಯ ಬಾಯಿಗೆ ಹಿಡಿಯಬೇಕೋ ತೋಚದೆ, ಹಿಡಿದುಕೊಂಡೇ ಕೂತಳು.