ಬಂಡೆಯ ಮೇಲಿನ ಕನ್ನಡಿ

ನಿಮ್ಮಪ್ಪ ಎರಡನೇ ಕ್ಲಾಸಿನಲ್ಲಿದ್ದಾಗ ನಮ್ಮೂರು ಮಿಡಿಗೇಶಿಗೆ ಒಬ್ಬರು ವಿಜ್ಞಾನಿ ಬಂದಿದ್ದರು, ಮಕ್ಕಳೇ. ಬೆಟ್ಟದ ಬುಡದ ಬಂಡೆಯ ಮೇಲೆ ಮೂರು ಕಾಲಿನ ಸ್ಟ್ಯಾಂಡಿಗೆ ಕನ್ನಡಿ ಕೂರಿಸಿ, ಶಾಲೆಯ ಜಗುಲಿಯಿಂದ ಅದಕ್ಕೆ ಲೇಸರ್ ಬೆಳಕು ಬಿಟ್ಟು, ಮರಳಿದ ಬೆಳಕಿನಿಂದ ಗಾಳಿಯಲ್ಲಿನ ಅನಿಲಗಳನ್ನು ಅಳೆಯುತ್ತಿದ್ದರು. ಮಾತುಮಾತಿಗೂ ಕನ್ನಡಕ ಒರೆಸಿಕೊಂಡು "ಗಾಳಿ ಏನನ್ನೂ ಮುಚ್ಚಿಡಲ್ಲ ಕಣಮ್ಮ" ಎನ್ನುತ್ತಿದ್ದರು.

ಆ ಶುಕ್ರವಾರ ಉಪಗ್ರಹವೊಂದು ನಮ್ಮ ನೆತ್ತಿಯ ಮೇಲೆ ಹಾಯುವಾಗಲೇ ಅವರೂ ಅಳೆದು, ಎರಡನ್ನೂ ತಾಳೆ ನೋಡಬೇಕಿತ್ತು. ಅರ್ಧ ಗಂಟೆಯಷ್ಟೇ ಉಳಿದಿತ್ತು. ಯಂತ್ರದ ಮುಳ್ಳು ಅಲ್ಲಾಡಲಿಲ್ಲ. ನೀರು ಕೊಡಲು ಹೋಗಿದ್ದ ನಾನು ಚೊಂಬು ಕೆಳಗಿಟ್ಟೆ.

"ಬೆಳಿಗ್ಗೆ ಕನ್ನಡಿಗೆ ಅರಿಶಿನ ಕುಂಕುಮ ಹಚ್ಬುಟ್ಟೆ ಸ್ವಾಮಿ."

"ಓಡಮ್ಮ" ಎಂದರು.

ಓಡಿದೆ, ಸೆರಗಿನಿಂದ ಉಜ್ಜಿದೆ. ತಿರುಗಿ ನೋಡಿದರೆ, ದೂರದ ಜಗುಲಿಯಲ್ಲಿ ಟವೆಲ್ ಬೀಸುತ್ತ ಎಳೆಗರುವಿನಂತೆ ಕುಣಿಯುತ್ತಿದ್ದರು.

ಮುಂದಿನ ಶುಕ್ರವಾರ ಕುಂಕುಮದ ಪೊಟ್ಟಣವನ್ನು ಅವರೇ ತಂದುಕೊಟ್ಟರು. "ಕನ್ನಡಿಯ ಮುಖ ಬಿಟ್ಟು ಕಾಲಿಗೆ ಹಚ್ಚಮ್ಮ."